ಅಂಗಡಿ ಆನ್‌ಲೈನ್ ಆಗಲಿ, ರೊಕ್ಕ ನಮ್ಮ ಖಾತೆಗೇ ಬರಲಿ



ಸಂಘಕ್ಕೆ ಹಾಲು ಹಾಕಿ, ಮನೆಗೆಂದು ಉಳಿಸಿಕೊಂಡ ಹಾಲಿನಿಂದ ತುಪ್ಪ ಕಾಸುವವರು ನಮ್ಮಲ್ಲಿ ಬಹಳ ಜನ. ಅದರ ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಇಂಡಿ ಕಡೆಯಾದರೆ ಲಿಂಬೆ ಉಪ್ಪಿನಕಾಯಿ. ಬೆಂಗಳೂರು, ಪುಣೆ, ಸೊಲ್ಲಾಪುರಕ್ಕೆ ದುಡಿಯಲು ಹೋದ ನಮ್ಮೂರ ಮಂದಿ ಹಬ್ಬಕ್ಕೆ ಬಂದಾಗ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ. ಆಮೇಲೆ ಫೋನ್ ಮಾಡಿ, "ಅವ್ವಾ, ಇನ್ನೆರಡು ಕಿಲೋ ಕಳಿಸ್ರಿ, ಬಾಜೂ ಮನಿಯವರೂ ಕೇಳ್ಯಾರ" ಅನ್ನುತ್ತಾರೆ. ಆನ್‌ಲೈನ್ ಅಂಗಡಿಯ ವಿಚಾರ ಹುಟ್ಟುವುದು ಇಲ್ಲಿಂದಲೇ.

ವಿಚಾರ ಹುಟ್ಟಿದ ಕೂಡಲೇ ಯಾರಾದರೊಬ್ಬರು ಬಂದು, "ವೆಬ್‌ಸೈಟ್ ಮಾಡಿಕೊಡ್ತೀನಿ, ಇಷ್ಟು ಸಾವಿರ ಕೊಡ್ರಿ" ಎನ್ನುತ್ತಾರೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ವೆಬ್‌ಸೈಟ್ ಆಮೇಲೆ. ಗಿರಾಕಿ ಕೊಟ್ಟ ರೊಕ್ಕ ಯಾರ ಖಾತೆಗೆ ಬೀಳುತ್ತದೆ, ಅಂಗಡಿ ಯಾರ ಹೆಸರಿನಲ್ಲಿ ಇರುತ್ತದೆ, ಈ ಎರಡು ಮಾತು ಮೊದಲು ಇತ್ಯರ್ಥವಾಗಲಿ.

ಹಾಲಿನ ವ್ಯವಹಾರದಲ್ಲಿ ನಾವು ಇದನ್ನು ಆಗಲೇ ನೋಡಿದ್ದೇವೆ. ಹಾಲಿನ ಬಟವಾಡೆ ಸದಸ್ಯರ ಬ್ಯಾಂಕ್ ಖಾತೆಗೆ ಬರುತ್ತದೆ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಖಾತೆಗೇ ಜಮಾ ಆಗುತ್ತದೆ. ಆದರೆ ಸದಸ್ಯತ್ವ ತಾಯಿಯ ಹೆಸರಿನಲ್ಲಿ, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಮಗನದು, ಇಂಥ ಮನೆಗಳು ಎಷ್ಟಿಲ್ಲ? ರೊಕ್ಕ ಜಮಾ ಆದ ಮೆಸೇಜು ಮಗನಿಗೆ ಹೋಗುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ತಾಯಿ ಅವನನ್ನೇ ಕೇಳಬೇಕು. ಯುಪಿಐನಲ್ಲಿ ಇದು ಇನ್ನೂ ಬಿಗಿ. ಅದು ನಡೆಯುವುದೇ ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನ ಮೇಲೆ. ಸಿಮ್ ಯಾರ ಕೈಯಲ್ಲಿದೆಯೋ ರೊಕ್ಕ ಅವರ ಕೈಯಲ್ಲಿ. ಮಗ ಒಳ್ಳೆಯವನೇ ಇರಬಹುದು. ಆದರೂ ತುಪ್ಪ ಕಾಸಿದವಳು ನೀವು, ಲೆಕ್ಕ ನಿಮಗೆ ಕಾಣಬೇಕು. ಸ್ಕ್ಯಾನರ್ ಬೋರ್ಡಿನ ಮೇಲೆ ನಿಮ್ಮ ಹೆಸರೇ ಇರಬೇಕು.

ಇನ್ನು ರೊಕ್ಕ ಪಡೆಯುವ ದಾರಿಗಳು. ನಮ್ಮಂಥ ಸಣ್ಣ ವ್ಯಾಪಾರಕ್ಕೆ ಎರಡು ಸಾಕು.

ಒಂದು, ನೇರ ಯುಪಿಐ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆಯಿಂದ ಕೊಟ್ಟ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ. ಸಾವಿರ ರೂಪಾಯಿ ತುಪ್ಪಕ್ಕೆ ಸಾವಿರವೂ ಬರುತ್ತದೆ, ಆಗಿಂದಾಗಲೇ ಬರುತ್ತದೆ. ತೊಂದರೆ ಏನೆಂದರೆ ಯಾರು ಯಾವುದಕ್ಕೆ ಕೊಟ್ಟರು ಎಂದು ನೀವೇ ಬರೆದಿಡಬೇಕು.

ಎರಡು, ಪೇಮೆಂಟ್ ಗೇಟ್‌ವೇ. ವೆಬ್‌ಸೈಟಿನಲ್ಲಿ ಗಿರಾಕಿ ಸಾಮಾನು ಆರಿಸಿ, ಕಾರ್ಡೋ ಯುಪಿಐಯೋ ಒತ್ತಿ ಹಣ ಕೊಡುವಾಗ ನಡುವೆ ನಿಂತು ವಸೂಲು ಮಾಡಿಕೊಡುವ ಕಂಪನಿ ಇದು. ನಮ್ಮ ಹಾಲು ಸಂಗ್ರಹ ಕೇಂದ್ರದ ಹಾಗೆ ಎಂದುಕೊಳ್ಳಿ: ಎಲ್ಲರದನ್ನೂ ತೆಗೆದುಕೊಂಡು, ಲೆಕ್ಕ ಮಾಡಿ, ಕಡಿತ ಹಿಡಿದು, ಆಮೇಲೆ ಬಟವಾಡೆ. ಸಂಘದಲ್ಲಿ ಜಿಡ್ಡು, ಎಸ್‌ಎನ್‌ಎಫ್ ಎಷ್ಟೆಂದು ಚೀಟಿ ಕೇಳಿ ಪಡೆಯುವ ನಾವು ಇಲ್ಲಿಯೂ ಕೇಳಬೇಕು. ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿ ಆಸುಪಾಸು ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಸಾವಿರ ರೂಪಾಯಿಯ ಆರ್ಡರಿಗೆ 20 ರೂಪಾಯಿ ಶುಲ್ಕ, 3 ರೂಪಾಯಿ 60 ಪೈಸೆ ತೆರಿಗೆ, ನಿಮ್ಮ ಕೈಗೆ 976 ರೂಪಾಯಿ 40 ಪೈಸೆ. ಯುಪಿಐ ಮೂಲಕ ಬಂದ ಹಣಕ್ಕೂ ತಮ್ಮದೇ ಸೇವಾ ಶುಲ್ಕ ಹಾಕುವ ಕಂಪನಿಗಳಿವೆ. ಅದನ್ನು ಬಾಯಿಮಾತಿನಲ್ಲಿ ನಂಬದೆ ಬರವಣಿಗೆಯಲ್ಲಿ ನೋಡಿ.

ಶುಲ್ಕಕ್ಕಿಂತ ನನಗೆ ದೊಡ್ಡದೆನಿಸುವುದು ಹಣ ಕೈಸೇರುವ ದಿನ. ಗೇಟ್‌ವೇಯಿಂದ ಖಾತೆಗೆ ಹಣ ಬರಲು ಒಂದೆರಡು ಕೆಲಸದ ದಿನ ಹಿಡಿಯುತ್ತದೆ. ಕಾಗದಪತ್ರದಲ್ಲಿ ಸಣ್ಣ ಸಂಶಯ ಬಂದರೂ ತಡೆಹಿಡಿಯುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ನಿಂತಿತು. ಆಕಳ ಹಿಂಡಿಗೆ (ತಿನ್ನುವ ಶೇಂಗಾ ಹಿಂಡಿ ಅಲ್ಲ ಮತ್ತೆ!) ಇವತ್ತೇ ರೊಕ್ಕ ಬೇಕಾದ ಮನೆಯಲ್ಲಿ ಎರಡು ದಿನವೂ ದೊಡ್ಡದು. ಆದ್ದರಿಂದ ಅರ್ಜಿ ಹಾಕುವ ಮೊದಲೇ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಇಂಥ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರಲ್ಲೇ ನಿಯಮ ಮಾಡಿದೆ. ಅನುಮತಿ ಬೇಕು, ವ್ಯಾಪಾರಿಗೆ ಸೇರಬೇಕಾದ ಹಣವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಕಂಪನಿ ಎಷ್ಟೇ ಕಡಿಮೆ ಶುಲ್ಕ ಹೇಳಲಿ, ಬೇಡ.

ಈಗ ವೆಬ್‌ಸೈಟಿನ ಮಾತು. ಇಲ್ಲಿ ಎರಡು ಖರ್ಚು ಬೇರೆ ಬೇರೆ. ಡೊಮೈನ್ ಎಂದರೆ ಅಂಗಡಿಯ ಹೆಸರು. ಹೋಸ್ಟಿಂಗ್ ಎಂದರೆ ಅಂಗಡಿ ಇಡಲು ಬಾಡಿಗೆ ಜಾಗ. ಬಾಡಿಗೆ ಜಾಗ ಹಿಡಿಸದಿದ್ದರೆ ಬಿಟ್ಟು ಬೇರೆ ಕಡೆ ಹೋಗಬಹುದು. ಹೆಸರು ಹೋದರೆ ಗಿರಾಕಿಯೂ ಹೋದ. ಹೊಲದ ಉತಾರದಲ್ಲಿ ಯಾರ ಹೆಸರಿದೆ ಎಂದು ನಾವು ನೋಡುತ್ತೇವಲ್ಲ, ಡೊಮೈನಿಗೂ ಹಾಗೆಯೇ ನೋಡಬೇಕು. ಮಾಡಿಕೊಡುವ ಹುಡುಗ ತನ್ನ ಇಮೇಲ್, ತನ್ನ ಮೊಬೈಲ್ ಹಾಕಿ ನೋಂದಾಯಿಸಿದರೆ ಉತಾರ ಅವನ ಹೆಸರಿನಲ್ಲಿ ಆದಂತೆ. ನಾಳೆ ಅವನು ಊರು ಬಿಟ್ಟರೆ, ಇಲ್ಲವೇ ಮಾತು ಮುರಿದರೆ, ಮೂರು ವರ್ಷ ಕಟ್ಟಿದ ಅಂಗಡಿಯ ಕೀಲಿ ಅವನ ಹತ್ತಿರ. ನಿಮ್ಮ ಹೆಸರಿನಲ್ಲಿ ಇಮೇಲ್ ತೆರೆಯಿರಿ, ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ, ಒಟಿಪಿ ನಿಮ್ಮ ಫೋನಿಗೇ ಬರಲಿ. 'ಡಾಟ್ ಇನ್' ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಆಗುತ್ತದೆ.

ಹೋಸ್ಟಿಂಗ್ ಕಂಪನಿಗಳು ಮೊದಲ ವರ್ಷ ಅಗ್ಗ ತೋರಿಸಿ, ನವೀಕರಣಕ್ಕೆ ಎರಡು ಮೂರು ಪಟ್ಟು ಕೇಳುವುದು ಸಾಮಾನ್ಯ. ಎರಡನೇ ವರ್ಷ ಎಷ್ಟು, ಇದೇ ಮೊದಲ ಪ್ರಶ್ನೆಯಾಗಲಿ. ಬೀಗದ ಗುರುತು ಬರುವ ಎಸ್‌ಎಸ್‌ಎಲ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಬೇರೆ ರೊಕ್ಕ ಕೇಳಿದರೆ ಯಾಕೆ ಎಂದು ಕೇಳಿ. ತಿಂಗಳಿಗೆ ಹತ್ತಿಪ್ಪತ್ತು ಆರ್ಡರಿನ ಅಂಗಡಿಗೆ ಅತಿ ಸಣ್ಣ ಪ್ಲಾನ್ ಧಾರಾಳ ಸಾಕು. ನನ್ನನ್ನು ಕೇಳಿದರೆ ಮೊದಲ ಆರು ತಿಂಗಳು ಅದೂ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಾಮಾನಿನ ಪಟ್ಟಿ ಖರ್ಚಿಲ್ಲದೆ ಹಾಕಬಹುದು. ಅಲ್ಲಿ ಆರ್ಡರ್, ಯುಪಿಐನಲ್ಲಿ ಹಣ, ಅಂಚೆಯಲ್ಲಿ ಪಾರ್ಸಲ್. ಫೋನ್ ಎತ್ತಿ ಉತ್ತರ ಕೊಡಲು ಪುರುಸೊತ್ತಿಲ್ಲದಷ್ಟು ಆರ್ಡರ್ ಬರತೊಡಗಿದ ಮೇಲೆ ವೆಬ್‌ಸೈಟ್, ಗೇಟ್‌ವೇ ಎರಡೂ ಮಾಡೋಣ.

"ಯುಪಿಐ ತಗೊಂಡ್ರ ತೆರಿಗಿ ನೋಟಿಸ್ ಬರತೈತಂತ" ಎಂದು ಹೆದರುವವರೂ ಇದ್ದಾರೆ. ಹೆದರಿಕೆಗೆ ಕಾರಣ 2025ರ ಜುಲೈನ ಗದ್ದಲ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಸ್ಕ್ಯಾನರ್ ತೆಗೆದು 'ನಗದು ಮಾತ್ರ' ಎಂದು ಬರೆದವು. ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದರು. ಆಗ ಬಹಳ ವ್ಯಾಪಾರಿಗಳು ಹೇಳಿದ್ದು, ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಕೈಗಡ, ನೆಂಟರ ಹಣವೂ ಅದರಲ್ಲಿದೆ ಎಂದು. ಹೀಗಾಗಿ ಅಂಗಡಿಗೆ ಬೇರೆಯೇ ಒಂದು ಖಾತೆ ತೆರೆಯಿರಿ. ಹಾಲಿನ ಬಟವಾಡೆಯನ್ನೂ ಅದರಲ್ಲಿ ಬೆರೆಸಬೇಡಿ.

ರಾಜ್ಯದೊಳಗೆ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಮ್ಮ ತುಪ್ಪ ಅಲ್ಲಿಗೆ ಮುಟ್ಟಲು ಇನ್ನೂ ಬಹಳ ಆಕಳು ಕಟ್ಟಬೇಕು! ಆದರೆ ಗಡಿಯ ನಮಗೆ ಒಂದು ತೊಡಕಿದೆ. ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊತ್ತ ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕಾಗುತ್ತದೆ. ತುಪ್ಪಕ್ಕೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 12ರಿಂದ 5%ಗೆ ಇಳಿದಿದೆ, ಆದರೂ ತೆರಿಗೆ ಇದೆ. ಇಂಡಿಯವರಿಗೆ ಬೆಂಗಳೂರಿಗಿಂತ ಸೊಲ್ಲಾಪುರ ಹತ್ತಿರ, ಆದರೆ ಕಾಯ್ದೆಗೆ ಸೊಲ್ಲಾಪುರ ಹೊರರಾಜ್ಯ. ಮಹಾರಾಷ್ಟ್ರದ ಆರ್ಡರ್ ಹಿಡಿಯುವ ಮೊದಲು ತೆರಿಗೆ ಸಲಹೆಗಾರರನ್ನು ಕಾಣಿ. ತಿನ್ನುವ ಸಾಮಾನಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಲೇಬಲ್ ಮೇಲೆ ನಂದಿನಿ ಎಂದು ಬರೆಯುವಂತಿಲ್ಲ, ಅದು ನಮ್ಮ ಮಹಾಮಂಡಳದ ಹೆಸರು. ಸಂಘಕ್ಕೆ ಹಾಕುವ ಹಾಲಿಗೂ ಕತ್ತರಿ ಬೀಳದಿರಲಿ. ಆನ್‌ಲೈನ್ ಆರ್ಡರ್ ಇವತ್ತು ಬಂದೀತು, ನಾಳೆ ನಿಂತೀತು.

ಮೋಸದ ಬಗ್ಗೆ ಎರಡೇ ಮಾತು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ತಿಳಿಯಿರಿ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಪಾರ್ಸಲ್ ಕಟ್ಟಬೇಡಿ, ನಿಮ್ಮ ಖಾತೆಯಲ್ಲಿ ಜಮಾ ಆಗಿದೆಯೇ ನೋಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮುಂದಿನ ತಿಂಗಳ ಸಂಘದ ಸಭೆಗೆ ಬರುವಾಗ ಪಾಸ್‌ಬುಕ್ ಮತ್ತು ಫೋನ್ ಎರಡನ್ನೂ ತನ್ನಿ. ಖಾತೆಗೆ ಯಾವ ನಂಬರ್ ಜೋಡಣೆಯಾಗಿದೆ ಎಂದು ಕಾರ್ಯದರ್ಶಿಯವರ ಹತ್ತಿರ ಕುಳಿತು ನೋಡಿಕೊಳ್ಳಿ. ನಂಬರ್ ನಿಮ್ಮದಲ್ಲದಿದ್ದರೆ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಬದಲಿಸಬಹುದು. ಗುಂಡಿ ಫೋನ್ ಇದ್ದವರು ಹಿಂಜರಿಯಬೇಡಿ, 2022ರಿಂದ ಇಂಟರ್‌ನೆಟ್ ಇಲ್ಲದ ಫೋನಿನಲ್ಲೂ ಯುಪಿಐ ನಡೆಯುತ್ತದೆ.