ಗಣಿತ ಬಲ್ಲವರು ತಮ್ಮ ಬದುಕು ಹೇಳಲಿ

ಐಹೊಳೆಯ ಮೇಗುತಿ ಗುಡ್ಡಕ್ಕೆ ಶಾಲಾ ಮಕ್ಕಳನ್ನು ಕರೆದೊಯ್ದಾಗೆಲ್ಲ ರವಿಕೀರ್ತಿಯ ಶಾಸನದ ಮುಂದೆ ಒಂದು ಲೆಕ್ಕ ಮಾಡಿಸುತ್ತೇನೆ. ಭಾರತ ಯುದ್ಧವಾಗಿ 3735 ವರ್ಷ, ಶಕ 556 ಎಂದು ಅಲ್ಲಿದೆ. ಮೊದಲನೆಯದರಲ್ಲಿ 3101 ಕಳೆದರೂ, ಎರಡನೆಯದಕ್ಕೆ 78 ಕೂಡಿಸಿದರೂ ಬರುವುದು ಕ್ರಿ.ಶ. 634. ಎರಡು ದಾರಿಗೆ ಒಂದೇ ಉತ್ತರ ಬಂದಾಗ ಮಕ್ಕಳ ಮುಖ ಅರಳುತ್ತದೆ.

ಆದರೂ ಗಣಿತ ಇಷ್ಟವೆಂದು ಹೇಳಿಕೊಳ್ಳಲು ಅವರಿಗೆ ಹಿಂಜರಿಕೆ. ಅದು ಪಟ್ಟಣದ ಜಾಣರ ಸೊತ್ತೆಂಬ ಭಾವನೆ ಬೇರೂರಿದೆ. ಅದನ್ನು ಕೀಳಬೇಕಾದವರು ಗಣಿತಪ್ರಿಯರೇ. ತಮ್ಮ ಊರು ಯಾವುದು, ಏನು ಓದಿದೆವು, ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಶಾಲೆಗೆ ಬಂದು ಹೇಳಬೇಕು. ಹೀಗೆ ತಮ್ಮ ಬದುಕು ಹೇಳಿಕೊಳ್ಳುವುದು ಹೊಸದೇನಲ್ಲ: ಶಕ 1036ರಲ್ಲಿ ಹುಟ್ಟಿದ್ದನ್ನೂ 36ನೇ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದ್ದನ್ನೂ ಭಾಸ್ಕರಾಚಾರ್ಯರು ತಾವೇ ಬರೆದಿಟ್ಟಿದ್ದಾರೆ.

ಇಳಕಲ್ಲಿನ ನೇಕಾರ ಮನೆಯ ತಾಯಿಯೂ ಬಂದು ಮಾತಾಡಲಿ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವಾಗ ಎರಡೂ ಕಡೆಯ ಎಣಿಕೆ ತಾಳೆಯಾಗಲೇಬೇಕು. ಅದು ಅಪ್ಪಟ ಗಣಿತ.

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನವನ್ನು ಬಾಗಲಕೋಟೆ ಜಿಲ್ಲೆಯ ಪ್ರತಿ ಪ್ರೌಢಶಾಲೆಯೂ ಇಂಥ ಮಾತುಕತೆಗೇ ಮೀಸಲಿಡಬೇಕು.