ಗೃಹಹಿತ: ವಿಳಾಸ ಓದಿ ಒಳಹೋಗಿ



ಪಿಂಚಣಿಯ ಲೆಕ್ಕ, ಮಕ್ಕಳ ಶುಲ್ಕ, ರೈಲಿನ ಟಿಕೇಟು ಎಲ್ಲವೂ ಇಂದು ಬ್ರೌಸರಿನ ಮೂಲಕ ಮನೆಯಲ್ಲಿಯೇ ನೆರವೇರುತ್ತಿವೆ. ಅನುಕೂಲವು ದೊಡ್ಡದು. ಆದರೆ ಸತ್ಯಶುದ್ಧ ಕಾಯಕದಿಂದ ಕೂಡಿಟ್ಟ ಹಣವು ಕ್ಷಣದ ಮೈಮರೆವಿನಿಂದ ಪರರ ಪಾಲಾಗುವುದೂ ಇಲ್ಲಿಯೇ.

ಹೊಸದಾಗಿ ಕಲಿಯುವವರು ಮೊದಲು ರೂಢಿಸಿಕೊಳ್ಳಬೇಕಾದುದು ತಾಣದ ವಿಳಾಸವನ್ನು ಓದುವ ಅಭ್ಯಾಸ. ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಿದ್ದರೆ, ನಾವು ಕಳುಹಿಸುವ ಮಾಹಿತಿಯನ್ನು ನಡುದಾರಿಯಲ್ಲಿ ಅನ್ಯರು ಓದಲಾರರೆಂದು ಅರ್ಥ. ತಾಣದ ಒಡೆಯನು ಪ್ರಾಮಾಣಿಕನೆಂದು ಅರ್ಥವಲ್ಲ. ವಂಚಕರ ತಾಣಕ್ಕೂ ಈ ರಕ್ಷೆ ಇರಬಲ್ಲದು.

ವಿಳಾಸದಲ್ಲಿ ಎಲ್ಲಿಯೋ ಬ್ಯಾಂಕಿನ ಹೆಸರಿದ್ದರೆ ಸಾಲದು. ತಾಣದ ಹೆಸರು ಹೇಗೆ ಮುಗಿಯುತ್ತದೆಂಬುದನ್ನು ನೋಡಬೇಕು. ನಮ್ಮ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಈ ಗುರುತನ್ನು ಹಿರಿಯರಿಗೂ ತಿಳಿಸಿಕೊಡಿರಿ.

ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ವಿಳಾಸವನ್ನು ತಾವೇ ಬೆರಳಚ್ಚಿಸಿರಿ. ಪರರ ಕಂಪ್ಯೂಟರಿನಲ್ಲಿ ಗುಪ್ತಪದವನ್ನು ಉಳಿಸದಿರಿ. ಕೆಲಸ ಮುಗಿದೊಡನೆ ಖಾತೆಯಿಂದ ಹೊರಬನ್ನಿರಿ. ಬ್ರೌಸರಿನ ಹೊಸ ಆವೃತ್ತಿ ಬಂದಾಗ ಅಳವಡಿಸಿಕೊಳ್ಳಿರಿ. ಹಳೆಯದರ ದೋಷಗಳು ಅದರಿಂದ ಸರಿಹೋಗುತ್ತವೆ.

ಎಚ್ಚರ ತಪ್ಪಿ ಹಣ ಹೋದಲ್ಲಿ ನಾಚಿಕೆಯಿಂದ ಮುಚ್ಚಿಡಬೇಡಿರಿ. ಕೂಡಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿರಿ. ಹಣವು ಕೈಯಿಂದ ಕೈಗೆ ಸಾಗುವ ಮೊದಲೇ ತಡೆಯಲು ಸಾಧ್ಯವಾಗಬಹುದು. ಮೋಸಹೋದವರನ್ನು ಮನೆಯವರು ಜರೆಯದಿರಲಿ. ಬೈಗುಳದ ಅಂಜಿಕೆಯೇ ಎಷ್ಟೋ ಸಲ ದೂರನ್ನು ತಡವಾಗಿಸುತ್ತದೆ.

ಅರಿವಿನೊಡನೆ ಆಚಾರವೂ ಕೂಡಿದರೆ ಯಂತ್ರವು ನಮ್ಮ ಸೇವಕನಾಗಿಯೇ ಉಳಿಯುವುದು.