ಗೊಂಬೆಯ ತಲೆ ಮಾಡಿದವರು ಯಾರು?

ಪುಡಿ ಮಾಡಿದ ಕಡಲಚಿಪ್ಪು, ಅದಕ್ಕೆ ಬೆರೆಸಲು ಒಂದಿಷ್ಟು ಅಂಟು. ಜಪಾನಿ ಗೊಂಬೆಯ ಹಾಲುಬಣ್ಣದ ಗುಟ್ಟು ಇಷ್ಟೇ. ‘ಗೊಫುನ್’ ಎಂಬ ಈ ಬಿಳುಪನ್ನು ಪದರ ಪದರವಾಗಿ ಬಳಿಯುತ್ತಾರೆ, ಒಣಗಿಸುತ್ತಾರೆ, ಉಜ್ಜಿ ನುಣುಪಾಗಿಸುತ್ತಾರೆ. ಮೊದಲೇ ಕೂರಿಸಿದ ಗಾಜಿನ ಕಣ್ಣು ಅದರಡಿ ಮುಚ್ಚಿಹೋಗಿರುತ್ತದೆ. ಆಮೇಲೆ ಚೂಪು ಚಾಕುವಿನಿಂದ ರೆಪ್ಪೆಯ ಗೆರೆ ಸೀಳಿ ಕಣ್ಣು ತೆರೆಸಬೇಕು. ವಿಗ್ರಹಕ್ಕೆ ಕಣ್ಣು ಬಿಡಿಸುವ ನಮ್ಮ ಶಿಲ್ಪಿಗಳಿಗೆ ಆ ಆತಂಕ ಗೊತ್ತು: ಕೈ ಕೂದಲೆಳೆಯಷ್ಟು ಜಾರಿದರೂ ಮುಖವೇ ಕೆಟ್ಟಿತು.

ಈ ಕೆಲಸವನ್ನು ಆಟಿಕೆಯ ಸಾಲಿನಿಂದ ಕಲೆಯ ಪಂಕ್ತಿಗೆ ತಂದವರಲ್ಲಿ ಹಿರಾಟಾ ಗೋಯೋ (1903–1981) ಪ್ರಮುಖರು. ತಂದೆಯೂ ಗೊಂಬೆ ಮಾಡುತ್ತಿದ್ದವರೇ. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹದ ಕಾಣಿಕೆಯಾಗಿ ಜಪಾನಿಗೆ 12 ಸಾವಿರಕ್ಕೂ ಹೆಚ್ಚು ಗೊಂಬೆ ಕಳುಹಿಸಿದರು. ಪ್ರತಿಯಾಗಿ ಹಡಗೇರಿದ 58 ಗೊಂಬೆಗಳಲ್ಲಿ ಗೋಯೋ ಮಾಡಿದವೂ ಇದ್ದವು. 1936ರಲ್ಲಿ ಸರ್ಕಾರಿ ಕಲಾಪ್ರದರ್ಶನ ಗೊಂಬೆಗಳಿಗೂ ಬಾಗಿಲು ತೆರೆಯಿತು. 1955ರಲ್ಲಿ ಗೋಯೋ ಮತ್ತು ಕಲಾವಿದೆ ಹೋರಿ ರ್ಯೂಜೋ ಇಬ್ಬರೂ ‘ಜೀವಂತ ರಾಷ್ಟ್ರೀಯ ನಿಧಿ’ ಎನಿಸಿದರು.

ಇಂಥ ಮನ್ನಣೆ ಪಡೆದವರಿಗೆ ಸರ್ಕಾರ ಈಗ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತದೆ. ವಿದ್ಯೆ ಶಿಷ್ಯರಿಗೆ ದಾಟಲಿ ಎಂಬುದು ಉದ್ದೇಶ. ಮೆಚ್ಚಬೇಕಾದ ನೀತಿ. ಆದರೆ ಅದು ಶಿಖರಕ್ಕೆ ಮಾತ್ರ ನೀರೆರೆಯುತ್ತದೆ.

ಮಾರ್ಚ್ 3ರಂದು ಹೆಣ್ಣುಮಕ್ಕಳಿಗಾಗಿ ಗೊಂಬೆ ಕೂರಿಸುವ ಹಿನಾ ಹಬ್ಬಕ್ಕೆ ಮನೆ ಸೇರುವ ಗೊಂಬೆ ಒಬ್ಬರ ಕೈಕೆಲಸವಲ್ಲ. ಟೋಕಿಯೊ ಸಮೀಪದ ಇವಾತ್ಸುಕಿಯಲ್ಲಿ ತಲೆ ಮಾಡುವವರು ಬೇರೆ, ಕೈಕಾಲು ಮಾಡುವವರು ಬೇರೆ, ಉಡುಪು ತೊಡಿಸುವವರು ಬೇರೆ. ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಉಡುಪು ತೊಡಿಸಿ ಜೋಡಿಸಿದವರ ಹೆಸರು. ‘ಕಿರಿ’ ಎಂಬ ಮರದ ಹೊಟ್ಟನ್ನು ಗೋಧಿ ಗಂಜಿಯಲ್ಲಿ ಕಲಸಿ ತಲೆ ಅಚ್ಚು ಹಾಕುತ್ತಿದ್ದ ಕಡೆ ಈಗ ಪ್ಲಾಸ್ಟರ್ ಬಂದಿದೆ. ಹುಟ್ಟುವ ಮಕ್ಕಳು ಕಡಿಮೆ, ಮನೆಗಳು ಚಿಕ್ಕವು. ಏಳು ಮೆಟ್ಟಿಲ ಮೇಲೆ 15 ಗೊಂಬೆ ಕೂರಿಸುತ್ತಿದ್ದವರು ಈಗ ರಾಜ-ರಾಣಿಯರ ಜೋಡಿಯೊಂದರಲ್ಲೇ ಹಬ್ಬ ಮುಗಿಸುತ್ತಾರೆ.

ಒಂದು ಮನೆಯಲ್ಲಿ ಹೀಗಾದರೆ 13 ತಲೆಗಳ ಕೆಲಸ ಹೋಯಿತು.

ಇವಾತ್ಸುಕಿಯಲ್ಲಿ 2020ರಲ್ಲಿ ಗೊಂಬೆ ಮ್ಯೂಸಿಯಂ ಶುರುವಾಗಿದೆ. ಹಳೆಯ ಗೊಂಬೆಗಳಿಗೆ ನೆಲೆ ಸಿಕ್ಕಿತು, ಒಳ್ಳೆಯದೇ. ತಲೆ ಮಾಡುವವರ ಬಳಿ ಕಲಿಯಲು ಬರುವ ಹುಡುಗ ಹುಡುಗಿಯರಿಗೂ ತಿಂಗಳ ಸಂಬಳ ಸಿಗಬೇಕು. ಪ್ರತಿ ಗೊಂಬೆಯ ಪೆಟ್ಟಿಗೆಯ ಮೇಲೆ ತಲೆ ಮಾಡಿದವರ ಹೆಸರೂ ಇರಬೇಕು.